ಹಕಾರವಿಲ್ಲದ ಕಳ್ಳ

ಮಹಾಲಿಂಗನ ಬಾಯಲ್ಲಿ ‘ಹ’ ಇರಲಿಲ್ಲ.

ಇದು ಅವನೊಬ್ಬನ ಕೊರತೆಯೇನಲ್ಲ. ಚಾಮರಾಜನಗರದ ಸಂತೆ, ಬಸ್ ಸ್ಟ್ಯಾಂಡು, ಅರಿಸಿನದ ಮಂಡಿ ಎಲ್ಲೆಡೆಯೂ ಜನ ‘ಹ’ ಇಲ್ಲದೆಯೇ ಹುಟ್ಟಿ, ಹಾಲು ಕುಡಿದು, ಹೆಣ್ಣು ನೋಡಿ, ಹೆಣವಾಗುವ ತನಕ ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ. ಹಾಲು ಅವರಿಗೆ ಆಲು, ಹಸು ಅಸ, ಹರವೆ ಎಂಬ ಊರು ಅರವೆ. ಮಹಾಲಿಂಗನ ಹೆಸರಿನ ನಡುವೆಯೇ ಒಂದು ‘ಹಾ’ ಕೂತಿತ್ತು. ಅದನ್ನು ಅವನ ತಾಯಿ ಸುಂದ್ರಮ್ಮ ಹೆಸರಿಟ್ಟ ದಿನವೇ ನುಂಗಿಬಿಟ್ಟಿದ್ದಳು. ಅಂದಿನಿಂದ ಅವನು ಮಾಲಿಂಗ. ಆಧಾರ್ ಕಾರ್ಡಿನಲ್ಲಿ ಮಾತ್ರ ಆ ಅಕ್ಷರ, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ, ಸುಮ್ಮನೆ ಕೂತಿತ್ತು.

‘ಹ’ ಇಲ್ಲದಿದ್ದರೂ ಅವನ ಬಳಿ ಒಂದು ಬೀಗದ ಕೈ ಇತ್ತು. ಅದು ಬಸವಪ್ರಸಾದರ ಚಿನ್ನದಂಗಡಿಯದು. ಬಸವಪ್ರಸಾದರಿಗೆ ಚಾಮರಾಜನಗರದಲ್ಲಿ ಒಂದು ಅಂಗಡಿ, ಗುಂಡ್ಲುಪೇಟೆಯಲ್ಲಿ ಅದರ ಮರಿ. ಮಹಾಲಿಂಗ ಚಿನ್ನ ಮಾರುವವನಲ್ಲ, ತೂಗುವವನಲ್ಲ. ಬೆಳಿಗ್ಗೆ ಷಟರ್ ಎತ್ತುವವನು, ಕಸ ಗುಡಿಸುವವನು, ಗಾಜು ಒರೆಸುವವನು, ಸಂಜೆ ಷಟರ್ ಇಳಿಸುವವನು. ಆದರೆ ಬೀಗದ ಕೈ ಅವನ ಉಡಿದಾರದಲ್ಲಿ ಇರುತ್ತಿತ್ತು. ಸ್ನಾನ ಮಾಡುವಾಗಲೂ ಅವನು ಅದನ್ನು ಬಿಚ್ಚುತ್ತಿರಲಿಲ್ಲ. ಒತ್ತಿ ಒತ್ತಿ ಸೊಂಟದ ಎಡಗಡೆ ಬೀಗದ ಕೈಯ ಆಕಾರದ್ದೇ ಒಂದು ಕಪ್ಪು ಕಲೆ ಬಿದ್ದಿತ್ತು. ಸುಂದ್ರಮ್ಮ ಅದನ್ನು ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಮಗನಿಗೆ ಹುಟ್ಟುಮಚ್ಚೆ ಇದ್ದಿದ್ದರೂ ಅಷ್ಟು ಹೆಮ್ಮೆ ಪಡುತ್ತಿರಲಿಲ್ಲ.

ಕೂಲಿಯವರ ಮನೆಯ ಹುಡುಗನಿಗೆ ಹೆಣ್ಣು ಸಿಗುವ ಕಾಲ ಇದಲ್ಲ. ಮಹಾಲಿಂಗನಿಗೆ ಸಿಕ್ಕಿದ್ದು ಆ ಬೀಗದ ಕೈಯಿಂದಲೇ. ಕುದೇರಿನ ಮೂಗಯ್ಯ ತನ್ನ ಮಗಳು ಶಾಂತಿಗೆ ಗಂಡು ನೋಡಲು ಬಂದಾಗ ಮನೆಯೊಳಗೆ ಕಾಲಿಡಲಿಲ್ಲ. ನೇರವಾಗಿ ಪೇಟೆಗೆ ಹೋಗಿ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತು, ಹುಡುಗ ಅಂಗಿ ಎತ್ತಿ ಬೀಗದ ಕೈ ತೆಗೆದು ಷಟರ್ ಎತ್ತುವುದನ್ನು ಕಣ್ಣಾರೆ ನೋಡಿದ. ಆಮೇಲೆ ಸುಂದ್ರಮ್ಮನಿಗೆ ಹೇಳಿದ:

“ಗೌರ್ಮೆಂಟ್ ಕೆಲ್ಸ ಇಲ್ದಿದ್ರೇನಮ್ಮ, ಅಷ್ಟು ಚಿನ್ನದ್ ಬೀಗದ್ ಕೈ ಕೊಟ್ಟವ್ರೆ ಅಂದ್ಮೇಲೆ ನಾನೊಂದ್ ಉಡ್ಗಿ ಕೊಡಾಕೇನು?”

ಶಾಂತಿ ಫೋನಿನಲ್ಲಿ ಇನ್ನೂ ಚುಟುಕಾಗಿ ಹೇಳಿದಳು. “ಬೀಗದ್ ಕೈ ಉಸಾರು. ಅದೋದ್ರೆ ನಾನೂ ಓದೆ ಅನ್ಕೊ.”

ಅದು ತಮಾಷೆ ಎಂದುಕೊಂಡು ಮಹಾಲಿಂಗ ನಕ್ಕ.

*

ಗುಂಡ್ಲುಪೇಟೆಗೆ ಟಿವಿಯವರು ಬಂದದ್ದು ಆಗಲೇ. ಥಿಯೇಟರಿನ ಮುಖ ನೋಡದೆ ನೇರ ಟಿವಿಗೇ ಬರುವ ಪತ್ತೇದಾರಿ ಸಿನಿಮಾ. ಹೆಸರು ‘ಹಸಿರು ಹಾರ’. ಚಿನ್ನದಂಗಡಿಯಿಂದ ಪಚ್ಚೆಕಲ್ಲಿನ ಹಾರ ಕಳುವಾಗುತ್ತದೆ, ಕಪ್ಪು ಕನ್ನಡಕದ ಪತ್ತೇದಾರ ಬಂದು ಹಿಡಿಯುತ್ತಾನೆ, ನಡುವೆ ಜಾಹೀರಾತು. ನಿರ್ದೇಶಕ ಶಂಕರ್ ಬೆಂಗಳೂರಿನವನು. ಅವನಿಗೆ ಒಂದು ಅಂಗಡಿ ಬೇಕಿತ್ತು. ಬಸವಪ್ರಸಾದರಿಗೆ ತಮ್ಮ ಬೋರ್ಡು ಟಿವಿಯಲ್ಲಿ ಬರಬೇಕಿತ್ತು. ಮರಿ ಅಂಗಡಿಯನ್ನು ಎರಡು ದಿನ ಬಿಟ್ಟುಕೊಟ್ಟರು.

“ಗಿಲೀಟಿನ ಹಾರ ತಂದಿದ್ದೀವಿ, ಅದನ್ನೇ ತೋರಿಸ್ತೀವಿ” ಎಂದ ಶಂಕರ್.

ಬಸವಪ್ರಸಾದರಿಗೆ ಅವಮಾನವಾಯಿತು. “ನಮ್ ಬೋರ್ಡ್ ಕೆಳ್ಗೆ ಗಿಲೀಟಾ? ನೋಡ್ದೋರು ಏನಂದಾರು? ನಮ್ಮಲ್ಲೇ ಪಚ್ಚೆ ಆರ ಅದೆ, ಅದ್ನೇ ತೋರ್ಸಿ” ಎಂದು ಚಾಮರಾಜನಗರದ ಅಂಗಡಿಯಿಂದ ನಿಜವಾದ ಹಾರವನ್ನೇ ಕಾರಿನಲ್ಲಿ ತರಿಸಿದರು. ಹಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ಹಿಡಿದುಕೊಂಡು ಬಂದವನು ಮಹಾಲಿಂಗ. ಹತ್ತಿರದಿಂದ ತೋರಿಸಲು ನಿಜದ ಹಾರ, ಕಳ್ಳ ಹಿಡಿದುಕೊಂಡು ಓಡಲು ಗಿಲೀಟಿನ ಹಾರ ಎಂದು ಒಪ್ಪಂದವಾಯಿತು. ನೋಡಲು ಎರಡೂ ಅವಳಿ ಜವಳಿ.

ಅಂಗಡಿಯ ಆಳಿನ ಪಾತ್ರಕ್ಕೆ ಬರಬೇಕಿದ್ದವನು ಬರಲಿಲ್ಲ. ಕಸಬರಿಕೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಮಹಾಲಿಂಗನನ್ನು ಶಂಕರ್ ನೋಡಿದ. “ಇವರೇ ಸಾಕು, ಮೇಕಪ್ಪೂ ಬೇಡ.” ಪತ್ತೇದಾರನ ಎದುರು ನಿಂತು ಒಂದೇ ಒಂದು ಮಾತು ಹೇಳಬೇಕು: ‘ಹಾರ ಹೊತ್ತುಕೊಂಡು ಹೋದವನು ಹಳದಿ ಹೆಲ್ಮೆಟ್ ಹಾಕಿದ್ದ. ಆಟೋ ಹತ್ತಿ ಊಟಿ ಕಡೆ ಹೋದ.’

ಬರೆದವನಿಗೆ ಗುಂಡ್ಲುಪೇಟೆಯ ಮೇಲೆ ಏನು ದ್ವೇಷವಿತ್ತೋ ತಿಳಿಯದು.

“ಆಕ್ಷನ್!”

“ಆರ ಒತ್ಕಂಡೋದೋನು ಅಳ್ದಿ ಎಲ್ಮೆಟ್ ಆಕಿದ್ದ. ಆಟೋ ಅತ್ತಿ ಊಟಿ ಕಡೆ ಓದ.”

“ಕಟ್! ಯಾರು ಓದಿದ್ದು? ಏನು ಓದಿದ?”

“ಓದ ಸಾ. ಓದ್ನಲ್ಲ, ಓದ.”

“ಸರ್, ಆರು ಜನ ಹೊತ್ಕೊಂಡು ಹೋದರು ಅಂತಿದ್ದಾರೇನೋ” ಎಂದಳು ಭವ್ಯ. ಸಾಮಾನು ನೋಡಿಕೊಳ್ಳುವ ಹುಡುಗಿ ಅವಳು. ಬೆಂಗಳೂರಿನವಳು, ಕೆಲಸದಲ್ಲಿ ಅಚ್ಚುಕಟ್ಟು.

“ಹಾರ. ಹಾ... ಹಾ. ಗಂಟಲಿಂದ ಗಾಳಿ ಬಿಡಿ” ಎಂದು ಶಂಕರ್ ತನ್ನ ಕನ್ನಡಕದ ಮೇಲೆ ಹಬೆ ಬಿಟ್ಟು ತೋರಿಸಿದ.

ಮಹಾಲಿಂಗ ಎದೆ ತುಂಬ ಗಾಳಿ ಎಳೆದುಕೊಂಡ. ಈ ಸಲ ಒಂದು ‘ಹ’ವನ್ನೂ ಬಿಡಬಾರದೆಂದು ಸಿಕ್ಕಸಿಕ್ಕಲ್ಲೆಲ್ಲ ಹಾಕಿದ. “ಹಾರ ಒತ್ಕಂಡೋದೋನು ಅಳ್ದಿ ಹೆಲ್ಮೆಟ್ ಆಕ್ಕಂಡು ಹಾಟೋ ಅತ್ತಿ ಹೂಟಿ ಕಡೆ ಓದ!”

ಕ್ಯಾಮೆರಾದವನು ಕ್ಯಾಮೆರಾ ಬಿಟ್ಟು ರಸ್ತೆಗೆ ಹೋಗಿ ನಕ್ಕು ಬಂದ. ಊಟಿಗೆ ಹೋಗುತ್ತಿದ್ದ ಮಲಯಾಳಿ ಕುಟುಂಬವೊಂದು ಕಾರು ನಿಲ್ಲಿಸಿ, ಇದು ಹಾಸ್ಯ ಸಿನಿಮಾವೇ ಎಂದು ವಿಚಾರಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಶಂಕರನಿಗೆ ಜ್ಞಾನೋದಯವಾಯಿತು. ಅವನು ಕುರ್ಚಿಯಿಂದ ಎದ್ದು ನಿಂತ.

“ಇದೇ ಸುಳಿವು! ಕಳ್ಳ ಹೊರಗಿನವನಲ್ಲ. ಅಂಗಡಿಯ ಆಳೇ ಕಳ್ಳ. ಪೊಲೀಸರಿಗೆ ಒಂದು ಅನಾಮಧೇಯ ಫೋನು ಬರುತ್ತೆ, ‘ಆರ ಕಳುವಾಗಿದೆ’ ಅಂತ. ಆಮೇಲೆ ಈ ಆಳೂ ‘ಆರ’ ಅಂತಾನೆ. ಪತ್ತೇದಾರ ಥಟ್ಟನೆ ತಿರುಗಿ ಕೊರಳಪಟ್ಟಿ ಹಿಡೀತಾನೆ: ‘ನಿನ್ನ ಕೈ ತಪ್ಪಿಸಿಕೊಂಡಿತು, ನಿನ್ನ ಬಾಯಿ ಸಿಕ್ಕಿಬಿತ್ತು! ಹಾರ ಅನ್ನು!’”

ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವಪ್ರಸಾದರು ಮಾತ್ರ ತಲೆ ಕೆರೆದುಕೊಂಡರು. “ನಮ್ ಆಳೇ ಕಳ್ಳ ಅಂದ್ರೆ ಗಿರಾಕಿಗಳು ಏನಂದ್ಕಂಡಾರು?”

“ಬೋರ್ಡು ಇನ್ನೆರಡು ಸಲ ತೋರಿಸ್ತೀವಿ ಸರ್.”

ಬಸವಪ್ರಸಾದರು ಒಪ್ಪಿದರು. ಮಹಾಲಿಂಗನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಕುಣಿದುಕೊಂಡು ಒಪ್ಪುತ್ತಿದ್ದ. ಅವನ ಕೊರಳಪಟ್ಟಿಗೆ ಟಿವಿಯ ಹೀರೋನ ಕೈ ಬೀಳುವುದಿತ್ತು.

ದೃಶ್ಯ ಒಂದೇ ಸಲಕ್ಕೆ ಸರಿಯಾಯಿತು. ಮಹಾಲಿಂಗ ಹಾರ ಎತ್ತಿಕೊಂಡ, ‘ಆರ’ ಎಂದ, ಹೀರೋ ಹಿಡಿದ, ಬೇಡಿ ಬಿತ್ತು. ಕೆಲಸ ಮುಗಿದ ಮೇಲೆ ಊರವರೆಲ್ಲ ಹೀರೋನ ಜೊತೆ ಸೆಲ್ಫಿಗೆ ಮುತ್ತಿಕೊಂಡರು. ಬೇಡಿಯ ಕೀಲಿ ಹೀರೋನ ಜೇಬಿನಲ್ಲಿತ್ತು. ಮಹಾಲಿಂಗ ಬೇಡಿ ತೊಟ್ಟ ಕೈಗಳಲ್ಲೇ ನಿಜದ ಪಚ್ಚೆ ಹಾರವನ್ನು ಹಿಡಿದುಕೊಂಡು ನಿಂತಿದ್ದ. ಭವ್ಯ ಒಂದೊಂದೇ ಸಾಮಾನು ಎತ್ತಿ ನಂಬರು ಹಾಕಿದ ಪೆಟ್ಟಿಗೆಗಳಿಗೆ ತುಂಬುತ್ತ ಬಂದಳು.

“ಅಣ್ಣ, ಕೊಡಿ. ಇದು ಯಾವುದು?”

“ಆರ ಕಣವ್ವ.”

“ಆರು?”

“ಊ, ಆರ! ಉಸಾರು!”

ಭವ್ಯ ಹುಷಾರಾಗಿ ಅದನ್ನು ಆರನೇ ನಂಬರಿನ ಪೆಟ್ಟಿಗೆಗೆ ಹಾಕಿದಳು. ಮೇಜಿನ ಮೇಲೆ ಉಳಿದಿದ್ದ ಇನ್ನೊಂದು ಹಾರವನ್ನು, ಇದೇ ಅಂಗಡಿಯದಿರಬೇಕು ಎಂದು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಅಂದವಾಗಿ ಸುತ್ತಿಟ್ಟಳು. ಅಷ್ಟು ಹೊತ್ತಿಗೆ ಯಾರೋ ಮಹಾಲಿಂಗನನ್ನು ಎಳೆದುಕೊಂಡು ಹೋಗಿ ಹೀರೋನ ಪಕ್ಕ ನಿಲ್ಲಿಸಿದ್ದರು. ಅವನು ಬೇಡಿ ಎತ್ತಿ ತೋರಿಸುತ್ತ ಹಲ್ಲು ಕಿರಿದ. ಅವನ ಹಲ್ಲಿನ ಸಾಲು ಪೂರ್ತಿಯಾಗಿ ಕಾಣುವ ಫೋಟೋ ಅದೊಂದೇ.

ಬೇಡಿ ಬಿಚ್ಚಿದ ಮೇಲೆ ಬಂದು ನೋಡಿದರೆ ಮಖಮಲ್ಲಿನ ಪೆಟ್ಟಿಗೆಯ ಮುಚ್ಚಳ ಕೂರುತ್ತಿರಲಿಲ್ಲ. ಗಿಲೀಟಿನ ಹಾರ ಒಂದು ಸುತ್ತು ದಪ್ಪ. ಒಳಗೇನಿದೆಯೆಂದು ಮಹಾಲಿಂಗ ನೋಡಲಿಲ್ಲ. ಮುಷ್ಟಿಯಿಂದ ಎರಡು ಏಟು ಹೊಡೆದ. ಮುಚ್ಚಳ ಕೂತಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ಹಿಡಿದುಕೊಂಡು ಚಾಮರಾಜನಗರಕ್ಕೆ ಬಂದ. ಪೆಟ್ಟಿಗೆ ತೆರೆಯದೆಯೇ ಬೀರು ಸೇರಿತು.

*

‘ಹಸಿರು ಹಾರ’ ಒಂದು ಭಾನುವಾರ ಬಂತು. ಸುಂದ್ರಮ್ಮ ಬೀದಿಯವರನ್ನೆಲ್ಲ ಕರೆದು ಮನೆಯಲ್ಲಿ ಕೂರಿಸಿ, ಮಂಡಕ್ಕಿ ಖಾರ ಹಂಚಿದಳು. ಮಗ ಕಂಡ ಕೂಡಲೇ “ಅಗೋ ಮಾಲಿಂಗ!” ಎಂದು ಕೂಗೆದ್ದಿತು. ಬೇಡಿ ಬಿದ್ದ ಕೂಡಲೇ ಮಂಡಕ್ಕಿ ಅಗಿಯುವ ಸದ್ದು ನಿಂತಿತು.

“ಏನೇ ಅನ್ನು ಸುಂದ್ರಕ್ಕ” ಎಂದಳು ಪಕ್ಕದ ಮನೆಯ ಕುಮಾರಿ, “ಆ ಆರ ಎತ್ಕಂಡಿದ್ದು ನೋಡ್ದಾ? ಒಳ್ಳೆ ಅಭ್ಯಾಸ ಇರೋನಂಗೆ ಎತ್ತವ್ನೆ.”

“ಅದು ಪಾರ್ಟು ಕಣಮ್ಮಿ!”

“ನಾನೇನ್ ಅಲ್ಲ ಅಂದ್ನಾ? ಪಾರ್ಟಾದ್ರೂ ಬೆರಳಿಗೆ ಅಭ್ಯಾಸ ಬೇಕಲ್ಲ ಅಂದೆ.”

ಮಾರನೆಯ ದಿನ ಮಹಾಲಿಂಗ ಬೀದಿಯಲ್ಲಿ ನಡೆದರೆ ಮಕ್ಕಳು “ಆರ! ಆರ!” ಎಂದು ಹಿಂದೆ ಬಿದ್ದವು. ಆ ಮಕ್ಕಳಿಗೂ ‘ಹ’ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಕ್ಷೌರದಂಗಡಿಯವನು ಅವನು ಕೂತ ಮೇಲೆ ಗಲ್ಲಾಪೆಟ್ಟಿಗೆಗೆ ಚಿಲಕ ಹಾಕಿದ. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗಿನಿಂದ ಕೊರಳು ಮುಚ್ಚಿಕೊಂಡು, ಆಮೇಲೆ ಸೆಲ್ಫಿಯನ್ನೂ ಕೇಳಿದಳು.

ಕುದೇರಿನಿಂದ ಮೂಗಯ್ಯ ಮೊದಲ ಬಸ್ಸಿಗೇ ಬಂದಿಳಿದ.

“ಅಲ್ಲ ಕಣಪ್ಪ, ರಾಜನ್ ಪಾರ್ಟು ಇರ್ತದೆ, ಮಂತ್ರಿ ಪಾರ್ಟು ಇರ್ತದೆ. ಬೇಡಿ ಆಕಿಸ್ಕಳಾ ಪಾರ್ಟೇ ಬೇಕಾಗಿತ್ತಾ ನಿಂಗೆ?”

“ಇರೋನ್ ಜೊತೆ ಇದ್ದಿದ್ ಪಾರ್ಟು ಅದೊಂದೇ ಮಾವ.”

“ಯಾರಿರೋನ್ ಜೊತೆ?”

“ಇರೋ, ಮಾವ. ಇರೋ ಇರೋಯಿನ್ನು ಅಂತಾರಲ್ಲ, ಆ ಇರೋ.”

“ಅಂಗಿ ಎತ್ತು.”

ಮಹಾಲಿಂಗ ಅಂಗಿ ಎತ್ತಿದ. ಮೂಗಯ್ಯ ಬಗ್ಗಿ, ಉಡಿದಾರದಲ್ಲಿ ನೇತಾಡುತ್ತಿದ್ದ ಬೀಗದ ಕೈಯನ್ನು ಬೆರಳಿನಿಂದ ತಟ್ಟಿ ನೋಡಿದ. ಅದು ಸದ್ದು ಮಾಡಿತು.

“ಸರಿ. ಇದು ಇರಾಗಂಟ ನಂದೇನ್ ತಕ್ರಾರಿಲ್ಲ” ಎಂದು ಕಾಫಿ ಕುಡಿದು ಹೋದ.

ಅವನು ಕುದೇರು ತಲುಪುವ ಮೊದಲೇ ಚಿಕ್ಕಮಲ್ಲಮ್ಮ ಅಂಗಡಿಗೆ ಬಂದಳು. ಹರವೆಯ ಕಡೆ ದೊಡ್ಡ ಹಿಡುವಳಿ, ಬಾಳೆ, ಅರಿಸಿನ ಎಲ್ಲ ಇದ್ದ ಮುದುಕಿ. ಮೊಮ್ಮಗಳ ಮದುವೆ ಗೊತ್ತಾಗಿತ್ತು.

“ಬಸವಪ್ರಸಾದ, ಟೀವೀಲಿ ತೋರ್ಸುದ್ರಲ್ಲ, ಅದೇ ಆರ ಬೇಕು ಕಣಪ್ಪ. ಅದ್ರಂಗಿರೋದು ಬ್ಯಾಡ. ಅದೇ.”

ಬಸವಪ್ರಸಾದರ ಮುಖ ಅರಳಿತು. ಬೋರ್ಡು ಫಲ ಕೊಟ್ಟಿತ್ತು. ಮಹಾಲಿಂಗ ಓಡಿಹೋಗಿ ಬೀರುವಿನಿಂದ ಪೆಟ್ಟಿಗೆ ತಂದು, ಮುಚ್ಚಳ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಚಿಕ್ಕಮಲ್ಲಮ್ಮ ಹಾರವನ್ನು ಅಂಗೈ ಮೇಲೆ ಹಾಕಿಕೊಂಡು ಮೇಲೆ ಕೆಳಗೆ ಆಡಿಸಿದಳು.

“ಏನಪ್ಪ ಇದು, ಬಾಳೆನಾರಿನಷ್ಟು ಅಗುರ?”

ಸೆರಗಿನ ತುದಿಗೆ ಎಂಜಲು ಹಚ್ಚಿ ತಿಕ್ಕಿದಳು. ಸೆರಗು ಹಳದಿಯಾಯಿತು, ಹಾರ ಕಪ್ಪಾಯಿತು.

ಬಸವಪ್ರಸಾದರು ಹಾರವನ್ನು ನೋಡಿದರು. ಆಮೇಲೆ ಮಹಾಲಿಂಗನನ್ನು ನೋಡಿದರು. ಊರೇ ಹಿಂದಿನ ದಿನ ಅವನನ್ನು ಬೇಡಿಯಲ್ಲಿ ನೋಡಿತ್ತು. ಅವರ ಕಣ್ಣು ಬೇರೆ ಎಲ್ಲಿಗೆ ಹೋಗಬೇಕು?

*

ಇನ್‌ಸ್ಪೆಕ್ಟರು ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವರು. ಅವರ ಮಾತಿನಲ್ಲಿ ಪ್ರತಿಯೊಂದು ‘ಹ’ವೂ ಸಮವಸ್ತ್ರ ತೊಟ್ಟು ಸಾಲಿನಲ್ಲಿ ನಿಂತಿರುತ್ತಿತ್ತು. ‘ಹಸಿರು ಹಾರ’ವನ್ನು ಅವರು ಹೆಂಡತಿ ಮಕ್ಕಳ ಜೊತೆ ಕೂತು ನೋಡಿದ್ದರು. ಬಹಳ ಮೆಚ್ಚಿದ್ದರು.

“ಹಾರ ಎಲ್ಲಿ?”

“ಆರ ಪೆಟ್ಗೇಲೇ ಇತ್ತು ಸಾ.”

“ಹಾರ ಅನ್ನು.”

“ಆರ.”

ಇನ್‌ಸ್ಪೆಕ್ಟರು ಮುಗುಳ್ನಕ್ಕು, ಮಾತು ಬರೆದುಕೊಳ್ಳಲು ಕೂತಿದ್ದ ಕಾನ್‌ಸ್ಟೇಬಲ್ ಪುಟ್ಟಮಾದುವಿನ ಕಡೆ ತಿರುಗಿದರು. “ಕೇಳಿಸಿತೇನ್ರೀ? ಸಿನಿಮಾದಲ್ಲೂ ಹೀಗೇ ಅಂದ.”

“ಕೇಳ್ಸುತು ಸಾ. ಆರ ಅಂದ.”

“ನೀವೂ ಆರ ಅಂತೀರಲ್ರೀ?”

“ಇಲ್ಲ ಸಾ. ನಾನು ಆರ ಅಂದೆ. ಅವ್ನು ಆರ ಅಂದ.”

ಪುಟ್ಟಮಾದು ಈ ಊರಿನವನೇ. ಇನ್‌ಸ್ಪೆಕ್ಟರು ಅವನನ್ನು ಅಲ್ಲಿಗೇ ಬಿಟ್ಟು, ಮತ್ತೆ ಮಹಾಲಿಂಗನ ಕಡೆ ತಿರುಗಿದರು.

“ಪೆಟ್ಟಿಗೆ ಮುಚ್ಚಿದವನು ಯಾರು?”

“ನಾನೇ ಸಾ. ಮುಚ್ಚಳ ಕೂತ್ಕಳ್ಳಿಲ್ಲ. ಅದ್ಕೇ ಒಡ್ದೆ.”

“ಒಡೆದೆಯಾ?”

“ಊ ಸಾ. ಕೈಲೇ ಒಡ್ದೆ. ಎಲ್ಡು ಸಲ ಒಡ್ದೆ.”

“ಪೆಟ್ಟಿಗೆ ಒಡೆದೆ ಅಂತ ತಾನಾಗಿಯೇ ಒಪ್ಪಿಕೊಳ್ಳುತ್ತಿದ್ದಾನೆ. ಬರೆದುಕೊಳ್ಳಿ.”

ಪುಟ್ಟಮಾದು ಪೆನ್ನು ಎತ್ತಿ ಹಿಡಿದ. “ಸಾ, ಅವ್ನು ಒಡ್ದೆ ಅಂದ್ರೆ ಒಡ್ದೆ ಅಂತಲ್ಲ ಸಾ. ಒಡ್ದೆ ಅಂತ.”

“ಏನ್ರೀ ವ್ಯತ್ಯಾಸ?”

ಪುಟ್ಟಮಾದು ಗೋಡೆ ನೋಡಿದ, ಸೂರು ನೋಡಿದ. ಮೇಜಿಗೆ ಒಂದು ಗುದ್ದು ಗುದ್ದಿ, “ಇದು ಒಡ್ದೆ” ಎಂದ. ನೀರಿನ ಲೋಟವನ್ನು ತೋರಿಸಿ, “ಇದ್ನ ಬೀಳ್ಸುದ್ರೆ ಅದು ಒಡ್ದೆ” ಎಂದ.

“ಎರಡೂ ಒಂದೇ ಅಲ್ಲವೇನ್ರೀ?”

“ಮಾತಾಡಾಗ ಒಂದೇ ಸಾ. ಬರ್ದ್ರೆ ಗೊತ್ತಾಯ್ತದೆ.”

“ಹಾಗಾದರೆ ಬರೆಯಿರಿ.”

ಪುಟ್ಟಮಾದು ಬರೆದ. ಅವನ ಬಾಯಲ್ಲಿ ಇಲ್ಲದ್ದು ಪೆನ್ನಿನಲ್ಲೂ ಇರಲಿಲ್ಲ. ಕಾಗದದ ಮೇಲೆ ದುಂಡಗೆ ‘ಒಡೆದೆ’ ಎಂದು ಬಿತ್ತು. ಮಹಾಲಿಂಗ ಅದರ ಕೆಳಗೆ ಸಹಿ ಹಾಕಿದ. ಸಹಿಯಲ್ಲಿ ಮಾತ್ರ ಅವನು ‘ಮಹಾಲಿಂಗ’ ಎಂದು ಪೂರ್ತಿಯಾಗಿ ಬರೆಯುತ್ತಿದ್ದ.

ಆಮೇಲೆ ಅವನ ಅಂಗಿ ಎತ್ತಿಸಿ ಬೀಗದ ಕೈಯನ್ನು ಉಡಿದಾರದ ಸಮೇತ ಕತ್ತರಿಸಿಕೊಂಡರು. ಸೊಂಟದ ಮೇಲಿನ ಕಲೆಯನ್ನು ಕಂಡು ಇನ್‌ಸ್ಪೆಕ್ಟರು ಹೌಹಾರಿದರು. “ನೋಡಿ! ಬೀಗದ ಕೈಯ ಅಚ್ಚು ತೆಗೆದುಕೊಂಡಿದ್ದಾನೆ. ಮೈಮೇಲೆಯೇ!”

ಅಚ್ಚಿನಿಂದ ಮಾಡಿಸಿದ ಇನ್ನೊಂದು ಬೀಗದ ಕೈ ಎಲ್ಲಿ, ಹಾರ ಎಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಅವನಿಗೆ ಲಾಠಿಯಲ್ಲಿ ಕೇಳಲಾಯಿತು. ಸಿನಿಮಾದಲ್ಲಿ ಈ ಭಾಗ ಇರಲಿಲ್ಲ, ಜಾಹೀರಾತು ಬಂದಿತ್ತು. ಮುಂದಿನ ಎರಡು ಹಲ್ಲು ಹೋದವು. ‘ಬಚ್ಚಲಲ್ಲಿ ಜಾರಿಬಿದ್ದ’ ಎಂದು ಠಾಣೆಯವರು ಇಂದಿಗೂ ಹೇಳುತ್ತಾರೆ. ಆ ವಾರವೆಲ್ಲ ಠಾಣೆಯ ಬಚ್ಚಲಿಗೆ ನೀರು ಬಂದಿರಲಿಲ್ಲ.

ಮರುದಿನ ಸುಂದ್ರಮ್ಮ ಮುದ್ದೆ, ಉಪ್ಪೆಸರು ತಂದಳು. ಮಗನ ಬಾಯಿ ನೋಡಿದಳು. ಮುದ್ದೆಯನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ, ಕಂಬಿಯ ಸಂದಿಯಿಂದ ಅವನ ಬಾಯಿಗೆ ಇಟ್ಟಳು. ನುಂಗುವ ಮುದ್ದೆಗೆ ಹಲ್ಲು ಬೇಕಿಲ್ಲ. ಆ ಮಟ್ಟಿಗೆ ಆ ಸೀಮೆಯಲ್ಲಿ ಹುಟ್ಟಿದ್ದು ಅವನ ಪುಣ್ಯ.

“ಅಲ್ಲ ಪುಟ್ಟಮಾದು” ಎಂದಳು ಬಾಗಿಲಲ್ಲಿ ನಿಂತಿದ್ದವನಿಗೆ, “ನೀನೂ ಆರ ಅಂತೀಯೆ, ನಾನೂ ಆರ ಅಂತೀನಿ. ನಿಂಗ್ಯಾಕಪ್ಪ ಒಡೀಲಿಲ್ಲ?”

“ನಾನು ಪೋಲೀಸು ಕಣಕ್ಕ” ಎಂದ ಪುಟ್ಟಮಾದು.

ಸಂಜೆ ಮೂಗಯ್ಯ ಬಂದ. ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದ.

“ಬೀಗದ್ ಕೈ ಎಲ್ಲದೆ?”

“ಇನಿಸ್ಪೆಟ್ರ ಮೇಜಿನ್ ಮೇಲದೆ ಕಣಪ್ಪ” ಎಂದ ಪುಟ್ಟಮಾದು.

“ಅಂಗಾರೆ ಉಡ್ಗೀನ ಅವ್ರಿಗೇ ಕೊಡ್ಲಾ?”

ಮಹಾಲಿಂಗ ಏನೋ ಹೇಳಲು ಹೋದ. ಊದಿಕೊಂಡ ತುಟಿ, ಹಲ್ಲಿನ ಸಂದಿ. ಮೂಗಯ್ಯನಿಗೆ ಕೇಳಿಸಿದ್ದು ಬರೀ ಗಾಳಿ.

*

ಮಹಾಲಿಂಗನನ್ನು ಕೋರ್ಟು ಜೈಲಿಗೆ ಕಳಿಸಿ ಒಂದೆರಡು ವಾರವಾಗಿರಬಹುದು. ಚಿಕ್ಕಮಲ್ಲಮ್ಮ ಮತ್ತೆ ಅಂಗಡಿಗೆ ಬಂದಳು. ಈ ಸಲ ಆಟೋ ನಿಲ್ಲುವ ಮೊದಲೇ ಇಳಿದು, ಮೆಟ್ಟಿಲ ಮೇಲಿಂದಲೇ ಬಾಯಿ ಮಾಡಿದಳು.

“ಬಸವಪ್ರಸಾದ! ನಿಮ್ಮಪ್ಪನ ಕಾಲ್ದಿಂದ್ಲೂ ನಿಮ್ ಅಂಗ್ಡೀಲಿ ಒಡವೆ ಮಾಡ್ಸೋಳು ಕಣೋ ನಾನು. ನಂಗೆ ಗಿಲೀಟು ತೋರ್ಸಿ, ಕಳುವಾಗ್ಯದೆ ಅಂತ ನಾಟ್ಕ ಆಡಿ, ಅಸ್ಲಿ ಆರನ ಆ ಮಾರಿಗೆ ಮಾರ್ಬುಟ್ಯಲ್ಲ!”

“ಯಾವ್ ಮಾರಿಗೆ ತಾಯಿ?”

“ಸಾಯಂಕಾಲದ್ ಧಾರಾವಾಹೀಲಿ ಬತ್ತಾಳಲ್ಲ, ಸೊಸೆಗೆ ವಿಸ ಆಕೋ ಅತ್ತೆ, ಅವಳ್ಗೆ! ನಿನ್ನೆ ಅದ್ನ ಆಕ್ಕಂಡು ಮಗಳ್ ಮದ್ವೇಲಿ ಮೆರೀತಾವ್ಳೆ. ನಾನು ಕೊಟ್ಟಷ್ಟು ದುಡ್ಡು ಅವಳು ಕೊಟ್ಟಾಳಾ?”

ಬಸವಪ್ರಸಾದರು ಅಂದು ಸಂಜೆ ಟಿವಿಯ ಎದುರು ಭೂತಗನ್ನಡಿ ಹಿಡಿದು ಕೂತರು. ವಿಷ ಹಾಕುವ ಅತ್ತೆಯ ಕೊರಳಲ್ಲಿ ಅವರ ಪಚ್ಚೆ ಹಾರವೇ ಇತ್ತು. ಶಂಕರನಿಗೆ ಫೋನು ಹೋಯಿತು, ಶಂಕರನಿಂದ ಭವ್ಯಳಿಗೆ ಹೋಯಿತು. ಆರನೇ ಪೆಟ್ಟಿಗೆ ಅದೇ ಚಾನೆಲ್ಲಿನ ಧಾರಾವಾಹಿಗೆ ಹೋಗಿತ್ತು.

“ಅವರೇ ಆರು ಅಂದರು ಸರ್. ಎರಡು ಸಲ ಕೇಳಿದೆ. ಆರು, ಹುಷಾರು ಅಂದರು” ಎಂದಳು ಭವ್ಯ ಅಳುತ್ತ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

“ಈಗಲೇ ಕಳಿಸಿಕೊಡಿ” ಎಂದರು ಬಸವಪ್ರಸಾದರು.

“ಈಗ ಆಗಲ್ಲ ಸರ್” ಎಂದ ಶಂಕರ್. “ಮದುವೆ ಸೀನಿನಲ್ಲಿ ಅತ್ತೆ ಅದನ್ನೇ ಹಾಕಿದ್ದಾರೆ. ನಡುವೆ ತೆಗೆದರೆ ನೋಡೋರು ಬೈತಾರೆ. ಮದುವೆ ಮುಗಿದ ಕೂಡಲೇ ಕೊಡ್ತಾರೆ.”

ಬಸವಪ್ರಸಾದರು ಠಾಣೆಗೆ ಹೋಗಿ ವಿಷಯ ತಿಳಿಸಿದರು. ಇನ್‌ಸ್ಪೆಕ್ಟರು ಗಂಭೀರವಾಗಿ ಕೇಳಿಸಿಕೊಂಡರು. “ಹೌದಾದರೆ ಸಂತೋಷ. ಆದರೆ ಹಾರ ನನ್ನ ಮೇಜಿನ ಮೇಲೆ ಬರುವವರೆಗೆ ಅವನು ಕಳ್ಳನೇ. ಕಾನೂನು ಟಿವಿ ನೋಡಿ ನಡೆಯುವುದಿಲ್ಲ.”

ಧಾರಾವಾಹಿಯ ಮದುವೆ ಎಂದರೆ ಏನೆಂದು ನೋಡುವವರಿಗೆ ಗೊತ್ತು. ಮೊದಲ ವಾರ ವರ ದಿಬ್ಬಣದಿಂದ ಇಳಿದ. ಮುಂದಿನ ವಾರ ಇಳಿದವನು ವರನಲ್ಲ, ಅವನ ಅವಳಿ ತಮ್ಮ ಎಂದು ತಿಳಿಯಿತು. ಅದರ ಮುಂದಿನ ವಾರ ತಾಳಿಯೇ ಕಳುವಾಯಿತು. ಸುಂದ್ರಮ್ಮ ದಿನಾ ಸಂಜೆ ಟಿವಿಯ ಎದುರು ಕೈಮುಗಿದು ಕೂರುತ್ತಿದ್ದಳು. ಕುಮಾರಿಯೂ ಬರುತ್ತಿದ್ದಳು. ಬೀದಿಯವರೂ ಬಂದು ಸೇರುತ್ತಿದ್ದರು.

“ಕಟ್ಟೋ ಮೂದೇವಿ, ಕಟ್ಟೋ ತಾಳೀನ!” ಎಂದು ಸುಂದ್ರಮ್ಮ ಪರದೆಗೆ ಕೂಗುತ್ತಿದ್ದಳು. “ನನ್ ಮಗ ಕಂಬಿ ಎಣಿಸ್ತಾವ್ನೆ ಕಣೋ!”

ಅವನು ಕಟ್ಟಲು ಕೈ ಎತ್ತಿದ ಕೂಡಲೇ ಜಾಹೀರಾತು ಬರುತ್ತಿತ್ತು.

ಅತ್ತ ಕುದೇರಿನಲ್ಲಿ ಮೂಗಯ್ಯನಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಧಾರಾವಾಹಿಯಲ್ಲಿ ವರ ಇನ್ನೂ ಹಸೆಮಣೆ ಹುಡುಕುತ್ತಿದ್ದಾಗಲೇ ಶಾಂತಿಯ ಕೊರಳಿಗೆ ಗುಂಡ್ಲುಪೇಟೆಯ ಬಾಳೆಮಂಡಿಯಲ್ಲಿ ಲೆಕ್ಕ ಬರೆಯುವ ಚಿಕ್ಕಮಾದು ತಾಳಿ ಕಟ್ಟಿದ. ಮದುವೆಗೆ ಮುಂಚೆ ಅವಳು ಸುಂದ್ರಮ್ಮನಿಗೆ ಒಂದು ಸಲ ಫೋನು ಮಾಡಿದಳು.

“ಅವ್ರು ಕದ್ದಿಲ್ಲ ಅಂತ ನಂಗೊತ್ತು ಕಣತ್ತೆ. ಆದ್ರೆ ಅಪ್ಪಂಗೆ ಬೀಗದ್ ಕೈ ಬೇಕು. ಇವ್ರತ್ರ ಗೋಡೌನಿಂದು ಅದೆ.”

*

ಧಾರಾವಾಹಿಯ ಮದುವೆ ಮುಗಿದು, ಹಾರ ಕೊರಿಯರಿನಲ್ಲಿ ಬಂದು, ಇನ್‌ಸ್ಪೆಕ್ಟರ ಮೇಜಿನ ಮೇಲೆ ಕೂತು, ಕಾಗದಗಳು ಓಡಾಡಿ ಮುಗಿದ ಮೇಲೆ ಮಹಾಲಿಂಗ ಜೈಲಿನಿಂದ ಹೊರಗೆ ಬಂದ. ತನ್ನ ಸಾಮಾನು ತೆಗೆದುಕೊಳ್ಳಲು ಠಾಣೆಗೆ ಬಂದು ನಿಂತ. ಸಾಮಾನು ಎಂದರೆ ಒಂದು ಬಾಚಣಿಗೆ, ಕತ್ತರಿಸಿದ ಉಡಿದಾರ.

“ಹೋಗಪ್ಪ, ತಪ್ಪು ತಿಳಿಯಬೇಡ” ಎಂದರು ಇನ್‌ಸ್ಪೆಕ್ಟರು. “ಒಂದು ಅಕ್ಷರದಿಂದ ಎಷ್ಟೆಲ್ಲ ಆಯಿತು ನೋಡು. ಇನ್ನು ಮೇಲಾದರೂ ಸ್ಪಷ್ಟವಾಗಿ ಮಾತಾಡುವುದನ್ನು ಕಲಿ.”

ಮಹಾಲಿಂಗ ‘ಸಾರ್’ ಎನ್ನಲು ಬಾಯಿ ತೆರೆದ. ಮುಂದಿನ ಎರಡು ಹಲ್ಲು ಇಲ್ಲದ ಸಂದಿಯಿಂದ ‘ಸ’ ಬರಲಿಲ್ಲ, ಗಾಳಿ ನುಗ್ಗಿ ಬಂತು.

“ಹಾರ್.”

ಇನ್‌ಸ್ಪೆಕ್ಟರು ತಲೆ ಎತ್ತಿದರು. “ಇನ್ನೊಂದು ಸಲ ಹೇಳು?”

“ಹಾರ್.”

“ನೋಡಿದಿರೇನ್ರೀ ಪುಟ್ಟಮಾದು! ಎಷ್ಟು ಚೆನ್ನಾಗಿ ಬಂತು! ಇದನ್ನೇ ಅಂದು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?”

ಪುಟ್ಟಮಾದು ಉತ್ತರದಲ್ಲಿ ಎಲ್ಲಾದರೂ ‘ಹ’ ಬರಬಹುದೆಂದು ಹೆದರಿ, ಸುಮ್ಮನೆ ಸೆಲ್ಯೂಟ್ ಹೊಡೆದ.

ಮಹಾಲಿಂಗ ಅಲ್ಲಿಂದ ನೇರವಾಗಿ ಅಂಗಡಿಗೆ ಹೋದ. ಷಟರ್ ಎತ್ತಿತ್ತು. ಬೇರೆ ಯಾರೋ ಗಾಜು ಒರೆಸುತ್ತಿದ್ದ. ಬಸವಪ್ರಸಾದರು ಎದ್ದು ಬಂದು ಬಾಗಿಲಲ್ಲೇ ಅವನ ಹೆಗಲ ಮೇಲೆ ಕೈ ಇಟ್ಟರು.

“ನಿನ್ ಮೇಲೆ ನಂಬ್ಕೆ ಇಲ್ದೆ ಅಲ್ಲ ಕಣ್ಲಾ ಮಾಲಿಂಗ. ನಂಗೆ ಗೊತ್ತು. ಆದ್ರೆ ಆ ಸಿನ್ಮಾನ ವಾರ ವಾರ ಆಕ್ತಾವ್ರೆ. ಗಿರಾಕಿಗಳು ಒಳಿಕ್ ಬತ್ತಿದ್ದಂಗೇ ಕಳ್ಳ ಎಲ್ಲಿ ಅಂತ ಕೇಳ್ತಾರೆ. ಅದ್ಕೇ ಬೀಗ ಬದಲಾಯಿಸ್ಬುಟ್ಟೆ. ನಿನ್ ಕೈ ಈಗ ಇದಕ್ಕೆ ಆಗಕಿಲ್ಲ.”

“ಹರಿ ಹಾವ್ಕಾರ್ರೆ” ಎಂದ ಮಹಾಲಿಂಗ. ‘ಸರಿ ಸಾವ್ಕಾರ್ರೆ’ ಎಂದದ್ದು ಹಾಗೆ ಬಂತು. ಗಾಜು ಒರೆಸುತ್ತಿದ್ದವನು ಕಿಸಕ್ಕನೆ ನಕ್ಕ.

ಒಳಗೆ ಚಿಕ್ಕಮಲ್ಲಮ್ಮ ಪಚ್ಚೆ ಹಾರವನ್ನು ಮೊಮ್ಮಗಳ ಕೊರಳಿಗೆ ಹಿಡಿದು ಕನ್ನಡಿ ನೋಡುತ್ತಿದ್ದಳು. ಟಿವಿಯ ಅತ್ತೆ ತೊಟ್ಟ ಹಾರವೆಂದು ಅದರ ಬೆಲೆ ಈಗ ಏರಿತ್ತು. ಮುದುಕಿ ಚೌಕಾಸಿ ಮಾಡಲಿಲ್ಲ.

ಮನೆಯಲ್ಲಿ ಸುಂದ್ರಮ್ಮ ನೀರು ಕಾಯಿಸಿಟ್ಟಿದ್ದಳು. ಮಗ ಅಂಗಿ ಬಿಚ್ಚಿ ಬಚ್ಚಲಿಗೆ ಹೋಗುವಾಗ ಸೊಂಟದ ಮೇಲಿನ ಕಪ್ಪು ಕಲೆ ಹಾಗೇ ಇರುವುದನ್ನು ನೋಡಿದಳು. ಒಳಗಿನಿಂದ ಅವನು ಕೇಳಿದ:

“ಹಾಂತಿ ಫೋನ್ ಮಾಡಿದ್ಲಾ?”

ಶಾಂತಿ ಎಂದು ಸುಂದ್ರಮ್ಮನಿಗೆ ಅರ್ಥವಾಯಿತು. “ಮಾಡಿದ್ಲು ಕಣಪ್ಪ” ಎಂದಳು. ಏನೆಂದಳೆಂದು ಹೇಳಲಿಲ್ಲ. ಒಳಗೆ ಅವನು ತಲೆಗೆ ನೀರು ಸುರಿದುಕೊಂಡ.

‘ಹಸಿರು ಹಾರ’ ಈಗಲೂ ಭಾನುವಾರ ಮಧ್ಯಾಹ್ನ ಆಗಾಗ ಬರುತ್ತದೆ. ಅದರಲ್ಲಿ ಮಹಾಲಿಂಗನ ಹಲ್ಲುಗಳೆಲ್ಲ ಇವೆ.

ಹೋದದ್ದು ಇಷ್ಟು: ಮುಂದಿನ ಹಲ್ಲು ಎರಡು, ಬೀಗದ ಕೈ ಒಂದು, ಹೆಣ್ಣು ಒಂದು. ಹಾರ ಸಿಕ್ಕಿತು.